ಜರಿಯ ಬಾಣಂತನ

ನಮ್ಮ ಚಿಕ್ಕಪ್ಪ ಬ್ಯಾಂಡ್ ಸೆಟ್ಟಿನವರಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರಿಗೆ ಮನೆ, ಅವೇ ಅಂಗಡಿ. ಒಳಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಬಟ್ಟೆಯ ಥಾನು ಇಡಲೆಂದು ಮಾಡಿಸಿದ ಕಪಾಟು. ಆದರೆ ಥಾನುಗಳೆಲ್ಲ ಮಂಚದ ಕೆಳಗಿದ್ದವು. ಕಪಾಟಿನ ತುಂಬ ಗಾಜಿನ ಪೆಟ್ಟಿಗೆಗಳು, ಅವುಗಳೊಳಗೆ ಜರಿಗಳು. ಬಟ್ಟೆಯಂಚಿಗೆ ಹಾಕುವ ಜರಿಯಲ್ಲ. ಹರಿದಾಡುವ ಜರಿ, ಪಾಠದ ಪುಸ್ತಕದಲ್ಲಿ ಶತಪದಿ ಎಂದು ಬರೆದಿರುತ್ತದಲ್ಲ, ಅದು.

ಈ ಗೊಂದಲ ನಿಜಕ್ಕೂ ಒಮ್ಮೆ ಆಗಿತ್ತು. ಮನೆ ಓನರಮ್ಮ ಯಾರಿಂದಲೋ ಅರ್ಧಂಬರ್ಧ ಕೇಳಿಕೊಂಡು ಬಂದು, “ನಿಮ್ಮ ಯಜಮಾನ್ರು ಕಪಾಟು ತುಂಬಾ ಜರಿ ಕೂಡಿಟ್ಟಿದಾರಂತೆ. ಅದೃಷ್ಟವಂತೆ ಕಣಮ್ಮ ನೀನು” ಅಂದರು.

“ಬನ್ನಿ, ನೋಡೋರಂತೆ” ಎಂದು ಚಿಕ್ಕಮ್ಮ ಒಳಕೋಣೆ ತೋರಿಸಿದರು. ಓನರಮ್ಮ ಮೆಟ್ಟಿಲಿಳಿದ ವೇಗ ನೋಡಿ ಸೈಕಲ್ ಅಂಗಡಿಯವರು ಮೇಲೆ ಬೆಂಕಿ ಬಿದ್ದಿದೆ ಅಂದುಕೊಂಡರಂತೆ.

ಚಿಕ್ಕಪ್ಪನಿಗೆ ಈ ಹುಚ್ಚು ಹತ್ತಿದ್ದು ಹೊಲಿಗೆ ಕಲಿಯುತ್ತಿದ್ದ ಕಾಲದಲ್ಲಿ. ಅಂಗಡಿಯ ಹಿತ್ತಿಲಲ್ಲಿ ಬಿದ್ದಿದ್ದ ಲಡ್ಡು ಹಿಡಿದ ಹಳೆಯ ಹಲಗೆ ಎತ್ತಿದಾಗ ಒಂದು ಜರಿ ಸರಕ್ಕನೆ ಹೊರಬಂತು. ಜೊತೆಯವರು ಚಪ್ಪಲಿ ಎತ್ತಿಕೊಂಡರೆ ಇವರು ಡಬ್ಬಿ ಎತ್ತಿಕೊಂಡರು. “ಕಿತ್ತಳೆ ಮೈಗೆ ನೀಲಿ ಕಾಲು! ಯಾವ ಟೈಲರಿಗೆ ಅಷ್ಟು ಧೈರ್ಯ ಬರುತ್ತೆ, ನೀನೇ ಹೇಳು” ಎಂದು ನನ್ನನ್ನು ಈಗಲೂ ಕೇಳುತ್ತಾರೆ. ಆಮೇಲೆ ಗಾಜಿನಂಗಡಿಯ ಗೆಳೆಯನೂ ಈ ಹುಚ್ಚಿಗೆ ಬಿದ್ದ. ಪೆಟ್ಟಿಗೆಗಳನ್ನು ಅವನೇ ಮಾಡಿಕೊಟ್ಟ. ಬೇರೆ ಊರುಗಳಲ್ಲಿ ಇವನ್ನು ಸಾಕುವವರ ಪರಿಚಯವಾಯಿತು, ಮರಿ ಕೊಟ್ಟು ಮರಿ ತರುವುದು ಶುರುವಾಯಿತು. ಕಪ್ಪು ಮೈಗೆ ಕೆಂಪು ತಲೆಯದು ಬಂತು, ಹಳದಿ ಕಾಲಿನದು ಬಂತು.

ಚಿಕ್ಕಮ್ಮನಿಗೆ ಮಾತ್ರ ಅವುಗಳ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತಿತ್ತು. ಪ್ರತಿ ಮುಚ್ಚಳಕ್ಕೂ ಕೊಂಡಿ ಹಾಕಿಸಿದ ಮೇಲೇ ಅವರು ಆ ಮನೆಯಲ್ಲಿ ನಿಶ್ಚಿಂತೆಯಿಂದ ಕೂತದ್ದು. ಒಮ್ಮೆ ನೀರಿನ ಬಟ್ಟಲು ಬದಲಿಸುವಾಗ ಚಿಕ್ಕಪ್ಪನ ಬೆರಳಿಗೆ ಒಂದು ಕಚ್ಚಿ, ಕೈ ಊದಿಕೊಂಡಿತು. ಗಂಡನ ಕೈಯನ್ನು ಬಿಸಿನೀರಿನಲ್ಲಿ ಅದ್ದಿಸಿ ಕೂರಿಸಿ, ಚಿಕ್ಕಮ್ಮ ಜರಿಯನ್ನೂ ಗಂಡನನ್ನೂ ಒಟ್ಟಿಗೇ ಜರಿದರು.

ಚಿಕ್ಕಪ್ಪ ತುಂಬಾ ವರ್ಷ ಕಾದು ತರಿಸಿಕೊಂಡ ಒಂದು ಹೆಣ್ಣು ಜರಿ ಇತ್ತು. ನೇರಳೆ ಮೈ, ತುದಿಯಲ್ಲಿ ಕೆಂಪಾಗುವ ಹಳದಿ ಕಾಲು. ಅದು ಮೊಟ್ಟೆ ಇಟ್ಟ ವಾರವೇ ಚಿಕ್ಕಪ್ಪ ಯೂನಿಫಾರ್ಮಿನ ಗಂಟು ಹೊತ್ತು ಇಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದು ಕಾಲು ಮುರಿದುಕೊಂಡರು. ಆಸ್ಪತ್ರೆಯಲ್ಲಿ ಕಾಲನ್ನು ಮೇಲಕ್ಕೆ ಕಟ್ಟಿ ಮಲಗಿಸಿದ್ದರು. ನೋವಿಗಿಂತ ಹೆಚ್ಚಾಗಿ ಆ ತಾಯಿಯ ಯೋಚನೆಯೇ ಅವರನ್ನು ತಿನ್ನುತ್ತಿತ್ತು. ಗಾಜಿನಂಗಡಿಯವನು ನೋಡಲು ಬಂದಾಗ ಪಿಸುಗುಟ್ಟಿದರು:

“ಅವಳೊಬ್ಬಳೇ ಇದಾಳೆ ಕಣೋ. ಚೊಚ್ಚಲು ಬೇರೆ. ಅನ್ನ ನೀರು ಬಿಟ್ಟು ಬಿದ್ಕೊಂಡಿದಾಳೆ. ನಮ್ಮನೆಯವಳ ಹತ್ರ ಹೇಳೋಕೆ ಬಾಯಿ ಬರ್ತಿಲ್ಲ.”

ಗೆಳೆಯನಿಗೆ ಬೇರೆ ಊರಿನಲ್ಲಿ ಕಟ್ಟಡಕ್ಕೆ ಗಾಜು ಕೂರಿಸುವ ಕೆಲಸ, ಅಂದೇ ಹೊರಡಬೇಕಿತ್ತು. ಆದರೆ ಪಕ್ಕದಲ್ಲಿದ್ದ ನರ್ಸಮ್ಮನ ಕಿವಿಗೆ ಮಾತು ಬಿದ್ದಿತ್ತು. ಚಿಕ್ಕಮ್ಮ ಬಂದಾಗ ಆಕೆ ಅವರನ್ನು ಬಾಗಿಲ ಬಳಿ ಕರೆದು, “ಅಮ್ಮಾ, ಹೇಳಬಾರದು, ಆದ್ರೂ ಹೇಳ್ತೀನಿ. ನಿಮ್ಮ ಯಜಮಾನ್ರಿಗೆ ಇನ್ನೊಬ್ಬಳಿದಾಳೆ. ಬಾಣಂತಿಯಂತೆ” ಅಂದರು.

ಚಿಕ್ಕಮ್ಮ ಕ್ಷಣ ಯೋಚಿಸಿ, “ಅವಳಿಗೆ ಎಷ್ಟು ಕಾಲು ಅಂತ ಹೇಳಿದ್ರಾ?” ಎಂದು ಕೇಳಿದರು.

ನರ್ಸಮ್ಮನಿಗೆ ವಿಷಯ ತಿಳಿಸಿ, ಇಬ್ಬರ ನಗುವೂ ಮುಗಿದ ಮೇಲೆ ಗಂಡನ ಮಂಚದ ಪಕ್ಕ ಕೂತು, “ಏನು ಮಾಡಬೇಕು, ಹೇಳಿ” ಅಂದರು.

“ನಿನ್ನ ಕೈಲಿ ಆಗಲ್ಲ ಬಿಡು.”

“ಆಗುತ್ತೋ ಇಲ್ವೋ ಆಮೇಲೆ. ಮೊದಲು ಹೇಳಿ.”

ಮುಚ್ಚಳ ತೆಗೆಯಬಾರದು, ಊಟ ಹಾಕಬಾರದು, ಪಕ್ಕದ ಜಾಲರಿಯಿಂದ ಒಂದು ಮೂಲೆಗಷ್ಟೇ ನೀರು ಚಿಮುಕಿಸಬೇಕು. ಮುಖ್ಯವಾಗಿ ಪೆಟ್ಟಿಗೆ ಅದುರಬಾರದು, ಗಾಬರಿಯಾದರೆ ತಾಯಿ ತನ್ನ ಮೊಟ್ಟೆಗಳನ್ನೇ ತಿಂದುಬಿಡಬಹುದು.

ಚಿಕ್ಕಮ್ಮ ಮರುದಿನ ಗಂಡನ ಮಳೆಕೋಟು, ಮೊಣಕಾಲಿನವರೆಗಿನ ಬೂಟು, ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಎಲ್ಲ ಏರಿಸಿಕೊಂಡು ಒಳಕೋಣೆಗೆ ಹೋದರು. ಮೊದಲ ಸಲ ನೀರು ಜಾಲರಿಗಿಂತ ಅವರ ಮುಖಕ್ಕೇ ಹೆಚ್ಚು ಬಿತ್ತು. ಹೊಲಿಗೆ ಯಂತ್ರ ತುಳಿದರೆ ಕಪಾಟು ಅದುರುತ್ತದೆಂದು ಅದನ್ನು ಅಡುಗೆಮನೆಗೆ ಸಾಗಿಸಿ, ಗಂಡ ಅರ್ಧಕ್ಕೆ ಬಿಟ್ಟ ಕೋಟುಗಳಿಗೆ ಅಲ್ಲೇ ಗುಂಡಿ ಹಾಕಿದರು. ಕೊನೆಗೆ ಕೆಳಗಿಳಿದು ಸೈಕಲ್ ಅಂಗಡಿಯವರಿಗೂ ಹೇಳಿದರು: “ಸುತ್ತಿಗೆ ಕೆಲಸ ಸ್ವಲ್ಪ ದಿನ ಹೊರಗಡೆ ಇಟ್ಕೊಳ್ಳಿ ಅಣ್ಣ.”

“ನಿಮ್ಮ ಹುಳಕ್ಕೆ ನಾನೂ ಬಾಣಂತನ ಮಾಡ್ಬೇಕಾ ತಾಯಿ?” ಎಂದು ಗೊಣಗಿದರೂ, ಆತ ರಿಮ್ಮು ಬಡಿಯುವುದನ್ನು ಬೀದಿಗೆ ಸಾಗಿಸಿದ.

ಒಂದು ದಿನ ಆಸ್ಪತ್ರೆಗೆ ಬಂದ ಚಿಕ್ಕಮ್ಮ ಚೀಲ ಕೆಳಗಿಡುವ ಮೊದಲೇ ಶುರುಮಾಡಿದರು. “ರೀ, ಅವಳು ಒಂದೊಂದೇ ಮೊಟ್ಟೆ ತಿರುಗಿಸಿ ನೆಕ್ತಾಳೆ! ನಾನು ಕಣ್ಣಾರೆ ನೋಡ್ದೆ.”

“ಬೂಸ್ಟು ಹಿಡೀದೇ ಇರಲಿ ಅಂತ ನೆಕ್ಕೋದು. ನೀನು ಅಷ್ಟು ಹತ್ರ ಹೋಗಿದ್ಯಾ?”

“ಬೂಟು ಹಾಕ್ಕೊಂಡೇ ಹೋಗಿದ್ದೆ” ಅಂದರು ಚಿಕ್ಕಮ್ಮ.

ಊರುಗೋಲು ಹಿಡಿದು ಚಿಕ್ಕಪ್ಪ ಮನೆಗೆ ಬಂದಾಗ ಮರಿಗಳಾಗಿದ್ದವು. ಹಾಲಿನಂಥ ಬಿಳಿ ಮರಿಗಳು ತಾಯಿಯ ಕಾಲುಗಳ ನಡುವೆ ಮುದ್ದೆಯಾಗಿ ಮಲಗಿದ್ದವು. ಚಿಕ್ಕಪ್ಪ ಗಾಜಿಗೆ ಹಣೆ ಒತ್ತಿ ಒಂದೊಂದೇ ಮರಿ ಎಣಿಸಿದರು. ಆಮೇಲೆ, “ಇವನ್ನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ನನಗೋಸ್ಕರ ನೀನು ಜೀವ ಕೈಲಿ ಹಿಡ್ಕೊಂಡಿದ್ದು ಸಾಕು” ಅಂದರು.

“ಕೊಟ್ಟುಬಿಡೋಕೆ ನಾನು ಇಷ್ಟು ದಿನ ಮಳೆಕೋಟಲ್ಲಿ ಬೆಂದೆನಾ? ಸುಮ್ನೆ ಕೂತ್ಕೊಳ್ಳಿ.”

ಚಿಕ್ಕಮ್ಮನ ಭಯ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇಂದಿಗೂ ಮುಚ್ಚಳ ತೆಗೆಯುವ ಸದ್ದು ಕೇಳಿದರೆ ಎದ್ದು ಹೊರಗೆ ಹೋಗುತ್ತಾರೆ. ಆ ಮರಿಗಳು ಬೆಳೆದು ಎಲ್ಲೆಲ್ಲೋ ಸಾಕುವವರ ಮನೆ ಸೇರಿವೆ, ನೋಡಲು ಬಂದವರಿಗೆಲ್ಲ ಚಿಕ್ಕಪ್ಪ, “ಆ ಸಂತಾನ ನನ್ನದಲ್ಲ, ನಮ್ಮನೆಯವಳು ಉಳಿಸಿದ್ದು. ನಾನು ಇಷ್ಟಪಟ್ಟು ನೋಡ್ಕೋತೀನಿ, ಅದರಲ್ಲೇನು ಬಂತು? ಅವಳು ಹೆದರಿಕೊಂಡೇ ನೋಡ್ಕೊಂಡಳು” ಎಂದು ಹೇಳದೆ ಬಿಡುವುದಿಲ್ಲ.

ಕಾಲು ಕೂಡಿಕೊಂಡ ಮೇಲೆ ಅವರು ಮೊದಲು ಹೊಲಿದದ್ದು ಯಾವ ಬ್ಯಾಂಡಿನವರಿಗೂ ಅಲ್ಲ. ಚಿಕ್ಕಮ್ಮನಿಗೆ ದಪ್ಪ ಉಣ್ಣೆಯ ಹಸಿರು ಕೋಟು ಹೊಲಿದರು, ಅವರು ಕೇಳಿದಷ್ಟು ಆಳದ ಜೇಬು ಇಟ್ಟು. ಅಳತೆ ತೆಗೆಯುವಾಗ ಚಿಕ್ಕಪ್ಪನ ಕಣ್ಣು ತುಂಬಿತ್ತು ಎಂದು ಚಿಕ್ಕಮ್ಮ ಹೇಳುತ್ತಾರೆ. ಸೂಜಿ ಬಾಯಲ್ಲಿತ್ತು, ಅದಕ್ಕೆ, ಎಂದು ಚಿಕ್ಕಪ್ಪ.