ಕಿಂಡಿಯಲ್ಲಿ ಬರುವ ಚಟ್ನಿ

ನಂಜನಗೂಡಿನ ಹಳೇ ಗಾಣದ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೀದಿಯ ನಡುವಿನ ಹೆಂಚಿನ ಮನೆಯೊಂದರ ಅಡುಗೆಮನೆಯಲ್ಲಿ ಮಾತ್ರ ಒಲೆ ಧಗಧಗ ಉರಿಯುತ್ತಿದೆ. ಅರವತ್ತು ದಾಟಿದ ಗುರುಬಸಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಹಬೆಗೆ ಮುಖ ಓರೆ ಮಾಡಿಕೊಂಡು, ಒದ್ದೆ ಬಟ್ಟೆಯ ಮೇಲಿನ ಇಡ್ಲಿಗಳನ್ನು ಮೊರಕ್ಕೆ ಬೋರಲು ಹಾಕುತ್ತಾರೆ. ಸೆರಗಿನಲ್ಲಿ ಹಣೆ ಒರೆಸಿಕೊಳ್ಳುತ್ತಾರೆ. ಆಮೇಲೆ ಪಕ್ಕದ ಗೋಡೆಯ ಕಡೆ ತಿರುಗಿ, "ಆಯ್ತೇನೆ ಮಾದಿ?" ಎಂದು ಕೇಳುತ್ತಾರೆ.

ಗೋಡೆಯಿಂದಲೇ ಉತ್ತರ ಬರುತ್ತದೆ. "ಉಪ್ಪು ಆಕ್ತಾ ಇವ್ನಿ ಕಣಕ್ಕ, ಒಸಿ ತಡಿ."

ಆ ಮಣ್ಣಿನ ಗೋಡೆಯಲ್ಲಿ, ಎದೆಯ ಮಟ್ಟಕ್ಕೆ, ಒಂದು ಚೌಕದ ಕಿಂಡಿ ಇದೆ. ಒಂದು ಕೊಡ ತೂರುವಷ್ಟು ಅಗಲ. ಸ್ವಲ್ಪ ಹೊತ್ತಿಗೆ ಅದರೊಳಗಿನಿಂದ ಹಸಿರು ಬಳೆಯ ಕೈಯೊಂದು ಚಾಚಿಕೊಳ್ಳುತ್ತದೆ. ಕೈಯಲ್ಲಿ ಪಾತ್ರೆ, ಪಾತ್ರೆಯ ತುಂಬ ಕಾಯಿ ಚಟ್ನಿ. ಗುರುಬಸಮ್ಮ ಅದನ್ನು ಇಳಿಸಿಕೊಂಡು, ಒಲೆಯ ಮೇಲೆ ಎಣ್ಣೆ ಕಾಯಿಸಿ, ಸಾಸಿವೆ ಕರಿಬೇವಿನ ಒಗ್ಗರಣೆಯನ್ನು ಚುಂಯ್ ಎನಿಸುತ್ತಾರೆ. ಅಷ್ಟರಲ್ಲಿ ಹೊರಗಿನ ಜಗಲಿಯ ಮೇಲೆ ಸೈಕಲ್ಲುಗಳು ಒರಗುವ ಸದ್ದು.

ಬಂದವರು ಮೊದಲ ಪಾಳಿಗೆ ಹೋಗುವ ಕಾರ್ಖಾನೆಯವರು, ಮೈಸೂರಿನ ಮೊದಲ ರೈಲು ಹಿಡಿಯುವವರು. ಬಾಳೆ ಎಲೆಯ ಚೂರಿನ ಮೇಲೆ ನಾಲ್ಕು ಇಡ್ಲಿ, ಮೇಲೆ ಧಾರಾಳ ಚಟ್ನಿ. ಬಿಸಿಲು ಬೀದಿಗೆ ಇಳಿಯುವ ಮುಂಚೆ ಇನ್ನೂರಕ್ಕೂ ಹೆಚ್ಚು ಇಡ್ಲಿ ಖರ್ಚಾಗಿರುತ್ತದೆ. ಕಾರ್ಖಾನೆಯೊಂದರ ಗೇಟು ಕಾಯುವ ಚನ್ನಯ್ಯ ಬೆರಳು ನೆಕ್ಕಿಕೊಳ್ಳುತ್ತ ಹೇಳುತ್ತಾನೆ: "ಇಡ್ಲಿ ಎಲ್ಲಿ ಬೇಕಾದ್ರೂ ಸಿಕ್ತದೆ ಸಾ. ನಾನು ಬರೋದು ಚಟ್ನಿಗೆ. ಗುರುಬಸಮ್ಮಾರ ಕೈಗುಣ ಅಂಗದೆ."

ಪಾಪ, ಆ ಕೈ ಗುರುಬಸಮ್ಮನವರದಲ್ಲ ಎಂದು ಚನ್ನಯ್ಯನಿಗೆ ಗೊತ್ತಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಗಿ ಆ ಚಟ್ನಿ ರುಬ್ಬುತ್ತಿರುವುದು ಗೋಡೆಯಾಚೆಯ ಪುಟ್ಟಮಾದಮ್ಮ. ಪತ್ರಿಕೆಯವರು ಬಂದಿದ್ದಾರೆ, ಫೋಟೋ ತೆಗೆಯುತ್ತಾರೆ ಎಂದಾಗ ಗುರುಬಸಮ್ಮ ಮೊದಲು ಹೇಳಿದ್ದೇ ಅದನ್ನು. "ನನ್ನೊಬ್ಬಳದ್ದೇ ಹಾಕ್ಬೇಡಿ. ಅರ್ಧ ಹೋಟ್ಲು ಆ ಕಡೆ ಅದೆ."

ಇಬ್ಬರೂ ಹುಟ್ಟಿದ್ದು ಇದೇ ಗೋಡೆಯ ಆಚೆ ಈಚೆ, ಒಂದೇ ವರ್ಷ. ಪುಟ್ಟಮಾದಮ್ಮ ಎರಡು ತಿಂಗಳಿಗೆ ದೊಡ್ಡವರು. ಆದರೂ ಅಕ್ಕ ಎನಿಸಿಕೊಳ್ಳುವುದು ಚಿಕ್ಕವರಾದ ಗುರುಬಸಮ್ಮ. ಯಾಕೆ ಹಾಗೆ ಎಂದರೆ ಪುಟ್ಟಮಾದಮ್ಮ ನಗುತ್ತಾರೆ. "ಅವರು ಲಿಂಗ ಕಟ್ಟಿದ ಮನೆಯೋರು, ನಾವು ಬಾಡು ತಿನ್ನೋ ಜನ. ಚಿಕ್ಕ ಐಕ್ಳಲ್ಲೇ ಅಂಗೆ ಕರಿ ಅಂದ್ರು, ಕರೆದೆ. ಬಾಯಿಗೆ ರೂಢಿ ಆಗೋಯ್ತು."

ಗಾಣದ ಬೀದಿಯ ಐವತ್ತರ ದಶಕವನ್ನು ಕೇಳಬೇಕೆಂದರೆ ಇಡ್ಲಿ ಮುಗಿದ ಮೇಲೆ ಬರಬೇಕು. ಪಾತ್ರೆ ತೊಳೆದಿಟ್ಟು ಗುರುಬಸಮ್ಮ ಜಗಲಿಯ ಕಂಬಕ್ಕೆ ಒರಗುತ್ತಾರೆ, ಎಲೆ ಅಡಿಕೆ ಬಾಯಿಗೆ ಬೀಳುತ್ತದೆ, ಬೀದಿ ಹಿಂದಕ್ಕೆ ಹೋಗುತ್ತದೆ. ಬೀದಿಯ ಒಂದು ಸಾಲಿನ ಮನೆಗಳಿಗೆಲ್ಲ ಆಗ ಒಂದೇ ಸೂರು. ಈ ತುದಿಯ ಮನೆಯ ಹೆಂಚಿನ ಮೇಲೆ ಹತ್ತಿದ ಬೆಕ್ಕು ಆ ತುದಿಯಲ್ಲಿ ಇಳಿಯುತ್ತಿತ್ತು. ಬೀದಿಯ ತಲೆಯಲ್ಲಿ ಗಾಣ. ಎತ್ತು ದಿನವಿಡೀ ಸುತ್ತುತ್ತಿತ್ತು, ಮಕ್ಕಳು ಬಿಸಿ ಎಳ್ಳಿಂಡಿಗೆ ಬೆಲ್ಲ ಸೇರಿಸಿ ತಿನ್ನಲು ಕಾದು ಕೂರುತ್ತಿದ್ದವು. ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯವರು ಒಳ್ಳೆಯ ಮನಸ್ಸಿನಲ್ಲಿದ್ದರೆ ಕಿಟಕಿ ತೆರೆಯುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಗಾಳಿ ಈ ಕಡೆ ಬೀಸಿದರೆ ಟೂರಿಂಗ್ ಟಾಕೀಸಿನ ಮಾತೆಲ್ಲ ಜಗಲಿಗೇ ಕೇಳುತ್ತಿತ್ತು. "ಸಿನಿಮಾ ನೋಡಿದ್ದು ಒಂದೋ ಎರಡೋ, ಕೇಳಿದ್ದು ಮಾತ್ರ ಬೇಕಾದಷ್ಟು," ಎನ್ನುತ್ತಾರೆ ಗುರುಬಸಮ್ಮ. ಕಪಿಲೆ ತುಂಬಿ ನೀರು ಬೀದಿಗೆ ನುಗ್ಗಿದ ವರ್ಷ ಅಟ್ಟದ ಮೇಲೆ ಕೂತು ಚೌಕಾಬಾರ ಆಡಿದ್ದೂ ಅವರ ಲೆಕ್ಕದಲ್ಲಿ ಸಂಭ್ರಮವೇ.

ಈ ಎಲ್ಲ ನೆನಪುಗಳ ನಡುವೆ ಕಿಂಡಿ ಬರುತ್ತಲೇ ಇರುತ್ತದೆ. ಬೆಂಕಿಕಡ್ಡಿ ಉಳಿಸುವ ಕಾಲ. ಒಂದು ಮನೆಯಲ್ಲಿ ಒಲೆ ಹತ್ತಿದರೆ ಕೆಂಡ ಕರಟದಲ್ಲಿ ಕೂತು ಕಿಂಡಿ ದಾಟುತ್ತಿತ್ತು. ಹುಣಸೆಹಣ್ಣು, ಉಪ್ಪು, ಕರಿಬೇವು ಎರಡೂ ಕಡೆಗೆ ಓಡಾಡುತ್ತಿದ್ದವು. ಈ ಕಡೆಯಿಂದ ಮಜ್ಜಿಗೆ ಹೋಗುತ್ತಿತ್ತು, ಹಬ್ಬವಾದರೆ ಒಬ್ಬಟ್ಟು ಹೋಗುತ್ತಿತ್ತು. ಆ ಕಡೆಯಿಂದ ಬೇಯಿಸಿದ್ದು ಮಾತ್ರ ಒಂದಗುಳೂ ಬರುವಂತಿರಲಿಲ್ಲ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ.

ಕಿಂಡಿಗೆ ಆ ಕಡೆಯಿಂದ ಒಂದು ಹಲಗೆ ಇತ್ತು. ಹಲಗೆ ಬಿತ್ತೆಂದರೆ ಅವತ್ತು ಅಲ್ಲಿ ಬಾಡು ಬೇಯುತ್ತಿದೆ ಎಂದರ್ಥ. "ಹಲಗೆ ಹಾಕಿದ್ರೆ ವಾಸನೆ ನಿಲ್ತದಾ? ನಮ್ಮವ್ವ ಊದುಕಡ್ಡಿ ಹಚ್ಕೊಂಡು ಮನೆ ತುಂಬಾ ಓಡಾಡೋರು. ನಾನು ಮೂಗು ಅರಳಿಸ್ಕೊಂಡು ಕಿಂಡಿ ಹತ್ರನೇ ಕೂತಿರ್ತಿದ್ದೆ," ಎಂದು ಗುರುಬಸಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. ಐದು ವರ್ಷದವಳಿದ್ದಾಗ ಒಮ್ಮೆ ಅವರು ಕಿಂಡಿಯೊಳಗೇ ತೂರಿ ಆ ಕಡೆಯ ಅಡುಗೆಮನೆಗೆ ಧುಮುಕಿದ್ದರು. ಅವ್ವ ಎಳೆದು ತಂದು, ಬೆನ್ನಿಗೆ ನಾಲ್ಕು ಬಿಗಿದು, ತಲೆಗೆ ನೀರು ಹೊಯ್ದು ಒಳಗೆ ಕರೆದುಕೊಂಡರಂತೆ. ಪುಟ್ಟಮಾದಮ್ಮ ಮಾತ್ರ ಒಂದು ಸಲವೂ ಈ ಕಡೆ ತೂರಲಿಲ್ಲ. ಮುಂಬಾಗಿಲಿಗೆ ಬರುತ್ತಿದ್ದಳು, ಜಗಲಿಯಲ್ಲಿ ಆಡುತ್ತಿದ್ದಳು, ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು.

ಗುರುಬಸಮ್ಮನವರನ್ನು ಮೂಗೂರಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಮಗಳು ಸರ್ವಮಂಗಳಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತವರಿಗೆ ವಾಪಸು ಬಂದಾಗ ಕಿಂಡಿಯಾಚೆ ಅದೇ ಮುಖ ಇತ್ತು. ಪುಟ್ಟಮಾದಮ್ಮ ಒಬ್ಬಳೇ ಮಗಳಾದ್ದರಿಂದ ಗಂಡನೇ ಮನೆ ಅಳಿಯನಾಗಿ ಬಂದಿದ್ದ, ಅವಳು ಬೀದಿ ಬಿಟ್ಟು ಹೋಗಿರಲಿಲ್ಲ. ಊರಾಚೆ ಕಾರ್ಖಾನೆಗಳು ಎದ್ದ ವರ್ಷಗಳಲ್ಲಿ ಗುರುಬಸಮ್ಮ ಇಡ್ಲಿ ಶುರು ಮಾಡಿದರು. ಹಿಟ್ಟು ರುಬ್ಬಿ, ಬೇಯಿಸಿ, ಬಡಿಸಿ, ಚಟ್ನಿಯನ್ನೂ ಮಾಡಲು ಎರಡು ಕೈ ಸಾಲಲಿಲ್ಲ. "ಕಾಯಿ ಕೊಡಕ್ಕ, ನಾನು ರುಬ್ಬಿಕೊಡ್ತೀನಿ" ಎಂದು ಕಿಂಡಿ ಹೇಳಿತು.

ಅವ್ವ ಆಗ ಬದುಕಿದ್ದರು. ಮೂರು ದಿನ ಯೋಚಿಸಿ ತೀರ್ಪು ಕೊಟ್ಟರು: ಚಟ್ನಿಗೆ ಬೆಂಕಿ ತಗಲಿಲ್ಲ, ಆದ್ದರಿಂದ ಅದು ಅಡುಗೆಯಲ್ಲ. ಬೇರೆ ಒಳಕಲ್ಲಾದರೆ ಅಲ್ಲಿ ರುಬ್ಬಬಹುದು. ಒಗ್ಗರಣೆ ಮಾತ್ರ ಈ ಒಲೆಯಲ್ಲಿ ಬೀಳಬೇಕು, ಬಿದ್ದ ಮೇಲೆ ಅದು ನಮ್ಮ ಚಟ್ನಿ. ಯಾವ ಲಾಯರಿಗೂ ಹೊಳೆಯದ ದಾರಿ! ಪುಟ್ಟಮಾದಮ್ಮ ಬೇರೆ ಒಳಕಲ್ಲು ತರಿಸಿದರು. ಅದಕ್ಕೆ ಇವತ್ತಿಗೂ ಬಾಡಿನ ಮಸಾಲೆ ಸೋಕಿಲ್ಲ. ಅವ್ವ ಹೋಗಿ ಹದಿನೈದು ವರ್ಷವಾಯಿತು, ತೀರ್ಪು ಹಾಗೇ ಇದೆ. ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು.

ಈ ಗೋಡೆಗೇ ಈಗ ಕುತ್ತು ಬಂದಿದೆ. ಪುಟ್ಟಮಾದಮ್ಮನವರ ಮಗ ಶಿವು ಕಾರ್ಖಾನೆಯಲ್ಲಿ ಫಿಟರ್. ಹಳೆಯ ಮನೆ ಕೆಡವಿ ಮೋಲ್ಡ್ ಹಾಕಿದ ತಾರಸಿ ಮನೆ ಕಟ್ಟಬೇಕೆಂದು ಅವನ ಆಸೆ. ಮಣ್ಣಿನ ಗೋಡೆ ಎರಡೂ ಮನೆಯ ಜಂಟಿ ಆಸ್ತಿ, ಗುರುಬಸಮ್ಮ ಹೂಂ ಎನ್ನದೆ ಒಂದು ಹೆಂಟೆ ಕೀಳುವಂತಿಲ್ಲ. ಶಿವು ಜಗಲಿಯ ಕೆಳಗೆ ನಿಂತು ಕೇಳಿದ್ದಾನೆ: "ನೀವು ಒಪ್ಪುದ್ರೆ ಮಾತ್ರ ಕಣ್ ದೊಡ್ಡವ್ವ. ಗೋಡೆ ನಮ್ದೇ ಖರ್ಚಲ್ಲಿ ಇಟ್ಟಿಗೇಲಿ ಎಬ್ಬಿಸ್ಕೊಡ್ತೀನಿ." ಗುರುಬಸಮ್ಮ ಇವತ್ತು ನಾಳೆ ಎಂದು ಮುಂದೂಡುತ್ತಿದ್ದಾರೆ. ಗೋಡೆ ಹೋದರೆ ಕಿಂಡಿ ಹೋಯಿತು, ಕಿಂಡಿ ಹೋದರೆ ಆ ಕೈ ಹೋಯಿತು. ಅದಿಲ್ಲದೆ ಇಡ್ಲಿ ವ್ಯಾಪಾರ ನಡೆದೀತೇನೋ. ಮಗಳೂ ಮದುವೆಯಾಗಿ ಹೋದ ಮೇಲೆ ಬೆಳಗಿನ ಜಾವ ಎದ್ದು ಯಾರ ಹತ್ತಿರ ಮಾತಾಡುವುದು? ಪುಟ್ಟಮಾದಮ್ಮ ಈ ಬಗ್ಗೆ ಬಾಯಿ ಬಿಟ್ಟಿಲ್ಲ. ಒಪ್ಪು ಎಂದೂ ಇಲ್ಲ, ಬೇಡ ಎಂದೂ ಇಲ್ಲ.

ಅವು ಹಿಂಗಾರಿನ ದಿನಗಳು. ಒಂದು ಬೆಳಗಿನ ಜಾವ ಜೋರು ಮಳೆ. ಹಿಟ್ಟು ಹೊಯ್ಯುತ್ತಿದ್ದ ಗುರುಬಸಮ್ಮನಿಗೆ ಕಿಂಡಿಯಾಚೆ ಟಪ್ ಟಪ್ ಸದ್ದು ಕೇಳುತ್ತದೆ. ಬೋಗುಣಿಗೆ ನೀರು ಬೀಳುವ ಸದ್ದು.

"ಏನೇ ಅದು ಮಾದಿ?"

"ಸೂರು ಕಣಕ್ಕ. ಒಲೆ ಮೇಲೇ ಬೀಳ್ತಾ ಅದೆ."

"ಮಲಗೋ ಕಡೆ?"

"ಅಲ್ಲೂ ಬೀಳ್ತದೆ. ನಾನು ಒಳಕಲ್ಲು ಪಕ್ಕ ಮಲಗ್ತೀನಿ ಬುಡು."

"ಯಾವಾಗಿಂದ?"

"ಓದ್ವರ್ಸದಿಂದ."

ಒಂದು ವರ್ಷದಿಂದ ಗೆಳತಿ ಒಳಕಲ್ಲಿನ ಪಕ್ಕ ಮಲಗುತ್ತಿದ್ದಾಳೆ, ಈ ಕಡೆಗೆ ಅದು ಗೊತ್ತೇ ಆಗಿಲ್ಲ. ಗುರುಬಸಮ್ಮನಿಗೆ ಸಿಟ್ಟು ಬರುತ್ತದೆ. ಅವತ್ತು ಇಡ್ಲಿ ಮುಗಿದ ಮೇಲೆ ಶಿವುನನ್ನು ಕೂಗಿ ಕರೆಯುತ್ತಾರೆ. "ಕೆಡವ್ಲಾ ಮಗ. ಬೇಗ ಕೆಡವು. ನಿಮ್ಮವ್ವನ್ನ ಒದ್ದೇಲಿ ಮಲಗಿಸ್ಬೇಡ."

ಸಂಕ್ರಾಂತಿ ಕಳೆದ ಮೇಲೆ ಗೋಡೆ ಇಳಿಯಿತು. ಮೇಸ್ತ್ರಿ ಚಿಕ್ಕಸ್ವಾಮಿ ಗುರುಬಸಮ್ಮನವರ ಸೂರಿಗೆ ಮರದ ಊರೆಗೋಲು ಕೊಟ್ಟು, ಗೋಡೆ ಇದ್ದ ಕಡೆ ತಟ್ಟಿ ಕಟ್ಟಿ, ಮೇಲೆ ಟಾರ್ಪಾಲು ಹೊದಿಸಿದ. ಪುಟ್ಟಮಾದಮ್ಮನವರ ಸಂಸಾರ ಎರಡು ಬೀದಿ ಆಚೆ ಬಾಡಿಗೆ ಮನೆಗೆ ಹೋಯಿತು. ಮೊದಲ ದಿನ ಗುರುಬಸಮ್ಮ ತಾವೇ ಮಿಕ್ಸಿಯಲ್ಲಿ ಚಟ್ನಿ ಮಾಡಿದರು. ಚನ್ನಯ್ಯ ಒಂದು ತುತ್ತು ಬಾಯಿಗಿಟ್ಟು, "ಯಾಕವ್ವಾ, ಮೈಯಲ್ಲಿ ಉಸಾರಿಲ್ವಾ?" ಎಂದು ಕೇಳಿದ.

ಎರಡನೆಯ ದಿನ ನಸುಕಿನಲ್ಲಿ ಜಗಲಿಯ ಮೇಲೆ ಪುಟ್ಟಮಾದಮ್ಮ ಬಂದು ಕೂತಿದ್ದಾರೆ, ಮಡಿಲಲ್ಲಿ ಚಟ್ನಿ ಪಾತ್ರೆ. ಬಾಡಿಗೆ ಮನೆಗೂ ಆ ಒಳಕಲ್ಲು ಹೋಗಿತ್ತು. ಅಂದಿನಿಂದ ಬೇಸಿಗೆ ಪೂರ್ತಿ ಹಾಗೇ ನಡೆಯುತ್ತದೆ. ಗುರುಬಸಮ್ಮ ಒಳಗಿನಿಂದ ಹೊಸ್ತಿಲಿಗೆ ಬಂದು ಪಾತ್ರೆ ಈಸಿಕೊಳ್ಳುತ್ತಾರೆ, ಒಳಗೆ ಹೋಗಿ ಒಗ್ಗರಣೆ ಹಾಕುತ್ತಾರೆ. ಪುಟ್ಟಮಾದಮ್ಮ ಜಗಲಿಯ ತುದಿಯಲ್ಲಿ ಗಿರಾಕಿಗಳ ಸೈಕಲ್ಲಿನ ನಡುವೆ ಕೂತಿರುತ್ತಾರೆ. ಮಾತೇ ಇಲ್ಲ. ಇದ್ದ ಮಾತೆಲ್ಲ ಕಿಂಡಿಯಲ್ಲಿ ಆಡುವಂಥದ್ದು, ಬೀದಿಯಲ್ಲಿ ಹೇಗೆ ಆಡುವುದು? "ಯಾರೂ ಒಳಗೆ ಬರಬೇಡ ಅಂದಿಲ್ಲ. ಬಾ ಅಂತನೂ ಅಂದಿಲ್ಲ," ಎನ್ನುತ್ತಾರೆ ಗುರುಬಸಮ್ಮ.

ಮುಂಗಾರಿನ ಮೊದಲ ಮಳೆ ಬಂದ ಬೆಳಗ್ಗೆ ಎರಚಲು ಜಗಲಿಯವರೆಗೂ ಹೊಡೆಯುತ್ತಿದೆ. ಪುಟ್ಟಮಾದಮ್ಮ ಸೆರಗನ್ನು ತಲೆಗಲ್ಲ, ಚಟ್ನಿ ಪಾತ್ರೆಗೆ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ. ಗುರುಬಸಮ್ಮ ಹೊಸ್ತಿಲಿಗೆ ಬಂದು ನೋಡುತ್ತಾರೆ. ಪಾತ್ರೆಗೆ ಕೈ ಚಾಚುವುದಿಲ್ಲ.

"ಒಳಕ್ಕೆ ಬಾ ಮಾದಿ."

"ಬ್ಯಾಡ ಕಣಕ್ಕ. ಅವ್ವಾರು ಬೈತಾರೆ."

"ಅವ್ವ ಸತ್ತು ಎಷ್ಟು ವರ್ಷ ಆಯ್ತು! ಬಾ ಅಂದ್ರೆ ಬಾ. ಇಡ್ಲಿ ಪಾತ್ರೆ ತಳ ಹಿಡೀತಾ ಅದೆ."

ಅರವತ್ತು ವರ್ಷ ಪಕ್ಕದಲ್ಲೇ ಇದ್ದ ಅಡುಗೆಮನೆಗೆ ಪುಟ್ಟಮಾದಮ್ಮ ಮೊದಲ ಸಲ ಕಾಲಿಟ್ಟಿದ್ದು ಹೀಗೆ. ಕಿಂಡಿಯಿಂದ ಅವರಿಗೆ ಕಾಣುತ್ತಿದ್ದದ್ದು ಒಲೆಯ ಒಂದು ಮೂಲೆ ಮತ್ತು ಗೆಳತಿಯ ಮುಖ, ಅಷ್ಟೆ. ಈಗ ನಡುವೆ ನಿಂತು ಸುತ್ತ ನೋಡುತ್ತಾರೆ. ಪಾತ್ರೆಯ ನೆಲುವು, ಹೊಗೆ ಹಿಡಿದ ತೊಲೆ, ಮೂಲೆಯ ನೀರಿನ ಹಂಡೆ.

"ಇಷ್ಟೇನಾ ಅಕ್ಕ ನಿಮ್ಮ ಅಡುಗೆಮನೆ? ನಾನು ಬೋ ದೊಡ್ಡದು ಅಂದ್ಕೊಂಡಿದ್ದೆ."

ಗುರುಬಸಮ್ಮ ನಗಲು ಹೋಗಿ ಅತ್ತುಬಿಟ್ಟರಂತೆ. ಹೊಗೆ ಕಣ್ಣಿಗೆ ಹೋಯಿತು ಎಂದು ಮತ್ತೆ ಬಂದ ಪತ್ರಿಕೆಯವರ ಮುಂದೆ ಈಗಲೂ ಸಾಧಿಸುತ್ತಾರೆ. ಅವತ್ತಿನ ಚಟ್ನಿಗೆ ಒಗ್ಗರಣೆ ಹಾಕಿದವರು ಪುಟ್ಟಮಾದಮ್ಮ. ಅದು ಯಾರ ಚಟ್ನಿ ಎಂದು ಯಾರೂ ಕೇಳಲಿಲ್ಲ, ಚನ್ನಯ್ಯ ಎರಡು ಇಡ್ಲಿ ಜಾಸ್ತಿ ತಿಂದ.

ಈಗ ಹೊಸ ಇಟ್ಟಿಗೆ ಗೋಡೆ ಎದೆಯ ಮಟ್ಟಕ್ಕೆ ಬಂದಿದೆ. ಇದೇ ಮಟ್ಟದಲ್ಲಿ ಕಿಂಡಿ ಇತ್ತು. ತಾಯಿಯ ಮನಸ್ಸು ಬಲ್ಲ ಶಿವು ಅಡುಗೆಮನೆಯನ್ನು ಈ ಪಕ್ಕಕ್ಕೇ ಇಡಿಸಿದ್ದಾನೆ, ಕಿಂಡಿ ಬಿಡಲು ಮೇಸ್ತ್ರಿಗೆ ಮೊದಲೇ ಹೇಳಿಟ್ಟಿದ್ದಾನೆ. ಇಡ್ಲಿಯ ಹೊತ್ತು ಮುಗಿಯುತ್ತಿದ್ದಂತೆ ಚಿಕ್ಕಸ್ವಾಮಿ ಕರಣೆ ಹಿಡಿದು, ಟಾರ್ಪಾಲು ಸರಿಸಿ, ಒಳಗೆ ತಲೆ ಹಾಕುತ್ತಾನೆ.

"ಗುರುಬಸಮ್ಮಾರೇ, ಕಿಂಡಿ ಎಷ್ಟಗಲ ಬುಡ್ಲಿ? ಮೊದ್ಲಿನಷ್ಟೇ ಸಾಕಾ, ಒಸಿ ದೊಡ್ಡದು ಬೇಕಾ?"

ಪುಟ್ಟಮಾದಮ್ಮ ಒಲೆಯ ಪಕ್ಕ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಾರೆ. ತುರಿಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ. ಗುರುಬಸಮ್ಮ ಇಡ್ಲಿ ಬಟ್ಟೆಯನ್ನು ಹಿಂಡಿ ಕೊಡವುತ್ತಾರೆ.

"ಕಿಂಡಿ ಗಿಂಡಿ ಬೇಡ, ಮುಚ್ಚಿ ಗಾರೆ ಮಾಡಪ್ಪ. ಕಿಂಡಿ ಬಿಟ್ರೆ ಇವಳು ಪುನಃ ಆ ಕಡೆನೇ ನಿಂತ್ಕೋತಾಳೆ."