ಎರಡು ರಾಟೆಗಳ ಹಗ್ಗ

ಹುರಿಯಕ್ಕನ ಆಯುಸ್ಸಿನ ಬಹುಪಾಲು ಹಿಂದಕ್ಕೆ ನಡೆಯುವುದರಲ್ಲೇ ಕಳೆದಿದೆ. ಉದ್ದನೆಯ ಶೆಡ್ಡಿನ ಒಂದು ತುದಿಯಲ್ಲಿ ಗಂಡ ಹಗ್ಗದ ರಾಟೆ ತಿರುಗಿಸುತ್ತಿದ್ದ. ಸೊಂಟಕ್ಕೆ ನಾರು ಸುತ್ತಿಕೊಂಡ ಈಕೆ ಎಳೆ ಬಿಡುತ್ತ ಬಿಡುತ್ತ ಇನ್ನೊಂದು ತುದಿಯವರೆಗೆ ಹಿಂದೆ ಸರಿಯುತ್ತಿದ್ದಳು. ಗಂಡನ ಮುಖ ಚಿಕ್ಕದಾಗುತ್ತ ಹೋಗುವುದನ್ನು ನೋಡಿಕೊಂಡೇ ಸಂಸಾರ ಮಾಡಿದೆ ಎಂದು ನಗುತ್ತಿದ್ದಳು. ಆ ರಾಟೆಯ ಮುಂದೆಯೇ ಅವನು ಕುಸಿದು ಸತ್ತ ಮೇಲೆ ನಗು ನಿಂತಿತು, ಕೆಲಸ ನಿಲ್ಲಲಿಲ್ಲ. ಮೈದುನ ಬಂದು ಹಿಡಿಗೆ ಕೈ ಹಚ್ಚಿದ. ಪಕ್ಕದಲ್ಲೇ ಹೊಸ ರಾಟೆಯೊಂದನ್ನೂ ನಿಲ್ಲಿಸಿದ.

ಆಗ ಶುರುವಾಯಿತು ನೋಡಿ. ಅದೇ ನಾರು, ಅದೇ ಕೈ. ಆದರೂ ಹಳೆಯ ರಾಟೆಯ ಹಗ್ಗ ಜಗ್ಗಿದರೂ ಜಪ್ಪಯ್ಯ ಅನ್ನದು. ಹೊಸದರದ್ದು ಬೇಗ ಹರಿಯುತ್ತದೆ.

"ಅದೆಲ್ಲ ನಿಮ್ಮ ಭ್ರಮೆ. ಹಳೇದನ್ನ ಒಡೆದು ಒಲೆಗೆ ಹಾಕ್ತೀನಿ ಅತ್ತಿಗೆ. ಸುಮ್ನೆ ಜಾಗ ತಿನ್ನುತ್ತೆ," ಎಂದ ಮೈದುನ.

"ಅದರಲ್ಲಿ ನಿಮ್ಮಣ್ಣ ಇದಾರೆ ಕಣೋ."

"ಬದುಕಿದ್ದಾಗ ಮಧ್ಯಾಹ್ನದ ಮೇಲೆ ಮೈ ಬಗ್ಗಿಸ್ತಿರ್ಲಿಲ್ಲ, ಸತ್ತ ಮೇಲೆ ದುಡೀತಾನಾ?"

ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುವ ಮಗಳು ಮನೆಗೆ ಬಂದವಳು ಈ ಜಗಳ ಕೇಳಿ ಬೇಸತ್ತಳು. "ಪರೀಕ್ಷೆ ಮಾಡಿಬಿಡೋಣ. ಮೊದಲು ಎರಡಕ್ಕೂ ಭೇದವಿಲ್ಲ ಅಂತಲೇ ಇಟ್ಕೋ ಅಮ್ಮ. ಹಾಗಿದ್ದೂ ಸರಾಸರಿಗಳಲ್ಲಿ ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಬರೋದು ತೀರಾ ಅಪರೂಪ ಅಂತ ಕಂಡ್ರೆ, ಆಗ ಭೇದ ಇದೆ ಅಂತ ಒಪ್ತೀನಿ."

ಭೇದ ಕಂಡರೆ ಹಳೆಯ ರಾಟೆ ಉಳಿಯಬೇಕು, ಕಾಣದಿದ್ದರೆ ಕೊಡಲಿ. ಮೂವರೂ ಒಪ್ಪಿದರು.

ಎರಡೂ ರಾಟೆಗಳ ತುಂಡುಗಳಿಗೆ ಮರಳಿನ ಚೀಲ ಕಟ್ಟಿ, ಹರಿಯುವ ತನಕ ಭಾರ ಏರಿಸಿದರು. ಹಳೆಯದು ಬಹಳ ಮುಂದೆ. ಹುರಿಯಕ್ಕನ ಮುಖ ಅರಳಿತು.

"ಹಳೇದರಲ್ಲಿ ಯಾವ ಹೊತ್ತಲ್ಲಿ ಹೊಸೀತೀಯ?" ಎಂದಳು ಮಗಳು.

"ಬೆಳಗ್ಗೆ. ಅವರಿದ್ದಾಗಿಂದ ಹಾಗೇ. ಹೊಸದು ಮಧ್ಯಾಹ್ನದ ಮೇಲೆ."

ಮಗಳು ಹಣೆ ಚಚ್ಚಿಕೊಂಡಳು. "ಬೆಳಗ್ಗೆ ನಾರಲ್ಲಿ ತೇವ ಇರುತ್ತೆ, ಹುರಿ ಗಟ್ಟಿ ಕೂರುತ್ತೆ. ನೀನು ಅಳೆದಿದ್ದು ಅಪ್ಪನ್ನಲ್ಲ, ಇಬ್ಬನೀನ."

ಎರಡನೆಯ ಸಲ ನಾರಿನ ಯಾವ ಕಂತೆ ಯಾವ ರಾಟೆಗೆ, ಯಾವ ಹೊತ್ತಿಗೆ ಎಂಬುದನ್ನೆಲ್ಲ ಚೀಟಿ ಎತ್ತಿಯೇ ತೀರ್ಮಾನಿಸಿದರು. ಭಾರ ಏರಿಸುವ ಮೈದುನನಿಗೆ ಯಾವುದು ಯಾವ ರಾಟೆಯ ತುಂಡೆಂದು ತಿಳಿಯದಂತೆ ಮಗಳು ಗುರುತು ಮುಚ್ಚಿಟ್ಟಳು.

ಈ ಸಲ ಸರಾಸರಿಗಳು ಪಕ್ಕಪಕ್ಕಕ್ಕೆ ಬಂದವು. ಉಳಿದ ಕೂದಲೆಳೆಯ ಅಂತರ, ಒಂದೇ ರಾಟೆಯ ತುಂಡು ತುಂಡುಗಳ ನಡುವಿನ ಏರಿಳಿತದ ಮುಂದೆ ಲೆಕ್ಕಕ್ಕೇ ಇರಲಿಲ್ಲ.

"ಭೇದ ಇದೆ ಅನ್ನೋಕೆ ಸಾಕ್ಷಿ ಇಲ್ಲ ಅಮ್ಮ," ಎಂದಳು ಮಗಳು ಮೆಲ್ಲಗೆ.

ಮೈದುನ ಕೊಡಲಿ ತರಲು ಎದ್ದ. ಅವನು ಮರಳುವಷ್ಟರಲ್ಲಿ ಮಗಳು ಮೊದಲ ಸಲದ ಅಂಕಿಗಳನ್ನು ಮತ್ತೆ ತೆಗೆದು, ಈ ಸಲದವುಗಳ ಪಕ್ಕ ಇಟ್ಟು ನೋಡುತ್ತಿದ್ದಳು.

"ಏನೇ ಅದು?" ಎಂದಳು ಹುರಿಯಕ್ಕ.

"ಬರೀ ತೇವದ ಆಟ ಆಗಿದ್ರೆ ಹಳೇದು ಒಂದಿಷ್ಟು ಇಳಿದು, ಹೊಸದು ಒಂದಿಷ್ಟು ಏರಿ, ಎರಡೂ ನಡುವೆ ಎಲ್ಲೋ ಸೇರಬೇಕಿತ್ತು."

"ಸೇರಿಲ್ವಾ?"

"ಹಳೇದು ಇಳಿದೇ ಇಲ್ಲ. ಹೊಸದು ಅದರ ಮಟ್ಟಕ್ಕೆ ಏರಿದೆ. ಮಧ್ಯಾಹ್ನ ಒಣ ನಾರಲ್ಲಿ ಹೊಸೆದ ತುಂಡೂ ಅಷ್ಟೇ ಗಟ್ಟಿ."

ಹೊರಗೆ ಬಿಸಿಲು ಉರಿಯುತ್ತಿತ್ತು. ಹುರಿಯಕ್ಕ ಹೊಸ ರಾಟೆಯ ಕಡೆ ತಿರುಗಿ, ಕೆದರಿದ ತಲೆಗೂದಲನ್ನು ಮದುವಣಗಿತ್ತಿಯ ಹಾಗೆ ಸರಿಮಾಡಿಕೊಂಡಳು.

"ಹಳೇದನ್ನ ಒಡೆದು ಹಾಕಪ್ಪ. ನಿಮ್ಮಣ್ಣ ಇದಕ್ಕೂ ಬಂದಿದಾರೆ, ಇನ್ನು ಅದು ಬೇಕಾಗಿಲ್ಲ."

ಮೈದುನ ಕೊಡಲಿ ಎತ್ತಲಿಲ್ಲ. ಹೊಸ ರಾಟೆಯ ಹಿಡಿ ಹಿಡಿದಿದ್ದ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಅತ್ತಿಗೆ, ನಾಳೆಯಿಂದ ತಿರುಗಿಸೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ತಿರುಗಿಸೋಕೆ ಯಾರೂ ಬೇಡ," ಎಂದಳು ಹುರಿಯಕ್ಕ. "ನೀನು ನಾರು ಬಿಡಿಸಿ ಕೊಡು, ಸಾಕು."