ಅಳತೆ ಮಾವನ ಹಳೇ ಜಿಪಿಎಸ್

ಜಿಪಿಎಸ್ಸಿನ ಬಾಣದ ಮೇಲೇ ಕಣ್ಣಿಟ್ಟು ನಡೆದ ಅಳತೆ ಮಾವ, ತೆರೆದಿದ್ದ ಹಿತ್ತಿಲ ಬಾಗಿಲು ದಾಟಿ, ಗಡಿ ಇಲ್ಲೇ ಎಂದು ಘೋಷಿಸಿದ್ದು ಯಾರದೋ ಬಚ್ಚಲುಮನೆಯಲ್ಲಿ. ತಲೆಗೆ ಸೋಪು ಹಚ್ಚಿಕೊಂಡಿದ್ದ ಯಜಮಾನರು ಕಣ್ಣು ಮುಚ್ಚಿಕೊಂಡೇ, "ಹಾಗಾದ್ರೆ ನೀವು ಆ ಕಡೆ ನಿಲ್ಲಿ" ಎಂದರು.

ಸುದ್ದಿ ಅವರಿಗಿಂತ ಮೊದಲೇ ಸರ್ವೆ ಕಚೇರಿ ಸೇರಿತು. ಮೂವತ್ತು ವರ್ಷ ನೆಲ ಅಳೆದ ಇವರು ಅಲ್ಲಿ ಎಲ್ಲರಿಗೂ ಅಳತೆ ಮಾವ. ಅಂಗೈಯಗಲದ ಯಂತ್ರಕ್ಕೆ ಹದಿನಾಲ್ಕು ವರ್ಷ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡು, ಪರದೆಗೆ ಬಿರುಕು. ಅದಕ್ಕೆ ಉಪಗ್ರಹ ಸಿಗುವಷ್ಟರಲ್ಲಿ ಅಳೆಯಲು ಹೋದವರು ಅಳುವಂತಾಗುತ್ತಿತ್ತು.

ರಿಪೇರಿಯೋ, ಹೊಸದೋ? ಪ್ರಶ್ನೆ ಯಂತ್ರದ್ದು, ತೂಗುತ್ತಿದ್ದದ್ದು ಮಾವನ ತಲೆ. ಹೊಸ ಯಂತ್ರ ಹಿಡಿಯಲು ಪರೀಕ್ಷೆ ಪಾಸಾಗಿರಬೇಕು. ಮಾವ ಎರಡು ಸಲ ಡುಮ್ಕಿ ಹೊಡೆದಿದ್ದರು. ಹೊಸದು ಬಂತೆಂದರೆ ನಿವೃತ್ತಿಯವರೆಗಿನ ಎರಡು ವರ್ಷ ಕಿಟಕಿಯಿಲ್ಲದ ದಾಖಲೆ ಕೋಣೆಯಲ್ಲಿ ನಕ್ಷೆಗಳ ಧೂಳು ಕೊಡವುವುದೇ ಗತಿ. ಬಯಲಲ್ಲಿ ನಡೆದೇ ಬದುಕಿದವರು, ಆ ಕೋಣೆಯ ಮುಂದೆ ಹಾಯುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದರು.

ಹೆಂಡತಿಯನ್ನು ಕೇಳಿದರು. ಆಕೆ ಪಾತ್ರೆ ತೊಳೆಯುತ್ತಲೇ, "ನೀವಿಬ್ರೂ ಒಟ್ಟಿಗೇ ಹಳೇದಾದ್ರಿ. ಆಫೀಸಿನವರು ಪುಣ್ಯವಂತರು, ಬದಲಾಯಿಸ್ಕೋಬಹುದು" ಎಂದಳು.

ರಿಪೇರಿ ಅಂಗಡಿಯವನು ಒಳಗೆ ಇಣುಕಿ, ಬಿಡಿಭಾಗ ಬೇಕಾದರೆ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ ಎಂದ. ಕೊನೆಗೆ ಮಾವ ಮಗಳ ಮಗನ ಪೆನ್ಸಿಲ್ ರಬ್ಬರಿನಿಂದ ಬ್ಯಾಟರಿಯ ತುಕ್ಕು ಉಜ್ಜಿ, ಇದಕ್ಕಿನ್ನೊಂದು ಅವಕಾಶ ಕೊಡಿ ಎಂದು ಮೇಡಮ್ಮನ ಮುಂದೆ ನಿಂತರು. ಮಾವನ ಮಗಳಷ್ಟು ವಯಸ್ಸಿನ ಆ ಅಧಿಕಾರಿಗೆ ಅಂದು ಬೇರೆ ಮನರಂಜನೆ ಇರಲಿಲ್ಲ. ಅಂಗಳದ ಹುಲ್ಲಿನಡಿ ಎಲ್ಲೋ ಹುದುಗಿದ್ದ, ಅಳತೆಗೆಲ್ಲ ಆಧಾರವಾದ ಕಚೇರಿಯ ಮೂಲಕಲ್ಲನ್ನು ಯಂತ್ರ ತೋರಿಸಿದರೆ ರಿಪೇರಿ, ಇಲ್ಲವಾದರೆ ಹೊಸದು ಎಂದಳು.

ಸುಡುಬಿಸಿಲು. ಸಿಬ್ಬಂದಿಯೆಲ್ಲ ಚಹಾ ಲೋಟ ಹಿಡಿದು ಕಿಟಕಿಗಳಿಗೆ ಜೋತುಬಿದ್ದರು. ಬಚ್ಚಲು ಎಡಗಡೆ ಎಂದು ಒಬ್ಬ ಕೂಗಿದ. ಗುಮಾಸ್ತೆ ನಕ್ಕು ನಕ್ಕು ಕೆಮ್ಮಿದಳು. ಮಾವ ಯಂತ್ರವನ್ನು ಎದೆಗವಚಿಕೊಂಡು ಹೊರಟರು. ನಲವತ್ತು ಹೆಜ್ಜೆ ನೇರ, ಹನ್ನೊಂದು ಬಲಕ್ಕೆ. ನಿಂತು ಹಿಮ್ಮಡಿ ಒತ್ತಿದರು. ಹುಲ್ಲು ಕೆರೆದರೆ, ಕಲ್ಲು.

ಕಿಟಕಿಗಳಲ್ಲಿದ್ದವರು ಲೋಟ ಕೆಳಗಿಟ್ಟು ಬಗ್ಗಿ ನೋಡಿದರು. ಮೇಡಂ ತಾನೇ ಇಳಿದು ಬಂದಳು, ಫೈಲು ತರಿಸಿ ರಿಪೇರಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಳು.

"ಪರವಾಗಿಲ್ವೇ. ಏನ್ರೀ ಮಾಡಿದ್ರಿ ಇದಕ್ಕೆ?"

ಎಷ್ಟೋ ವರ್ಷಗಳಿಂದ ಯಾರೂ ಮಾವನ ಕೆಲಸದ ಬಗ್ಗೆ ಕುತೂಹಲದಿಂದ ಕೇಳಿರಲಿಲ್ಲ. ಅವರ ಮುಖ ಹೆಮ್ಮೆಯಿಂದ ಅರಳಿತು.

"ಈ ಕಲ್ಲು ನೆಟ್ಟವನೇ ನಾನಲ್ವಾ ಮೇಡಂ. ಈ ಯಂತ್ರ ಇನ್ನೂ ಆನ್ ಆಗೇ ಇಲ್ಲ."